ಸಾಸಿವೆ ಕಾಳಿನ ಭೂಮಿಗೆ ಬಹುಮಾನ ಯಾಕಿಲ್ಲ?

ಹೋದ ವರ್ಷ ನಮ್ಮ ತಾಲೂಕಿನ ಒಂದು ಶಾಲೆಯಲ್ಲಿ ನಡೆದ ವಿಜ್ಞಾನ ವಸ್ತು ಪ್ರದರ್ಶನಕ್ಕೆ ವರದಿ ಮಾಡಲು ಹೋಗಿದ್ದೆ. ನನ್ನ ಕೆಲಸ ಏನು ಅಂತ ನಿಮಗೆ ಗೊತ್ತಲ್ಲ. ಒಂದು ಫೋಟೋ, ಆರು ಸಾಲು ಸುದ್ದಿ, ಬಹುಮಾನ ಬಂದವರ ಹೆಸರು, ವೇದಿಕೆ ಮೇಲೆ ಕೂತವರ ಹೆಸರು ಒಂದೂ ಬಿಡದ ಹಾಗೆ. ಮಧ್ಯಾಹ್ನದೊಳಗೆ ಮುಗಿಸಿಕೊಂಡು ಬೇರೆ ಕಾರ್ಯಕ್ರಮಕ್ಕೆ ಓಡಬೇಕು.

ಆ ದಿನ ನಾಲ್ಕು ಕೊಠಡಿಗಳಲ್ಲಿ 11 ಸೌರವ್ಯೂಹ ಇದ್ದವು. ಲೆಕ್ಕ ಹಾಕಿದ್ದೇನೆ. ಎಲ್ಲಾ ಥರ್ಮೋಕೋಲ್ ಉಂಡೆಗಳು. ಹಳದಿ ಸೂರ್ಯ, ಸುತ್ತ ಬಣ್ಣ ಬಣ್ಣದ ಗ್ರಹಗಳು, ಶನಿಗೆ ರಟ್ಟಿನ ಬಳೆ, ಹಿಂದೆ ಕಪ್ಪು ಶೀಟು, ಗಣೇಶನ ಹಬ್ಬದ ಸೀರಿಯಲ್ ಸೆಟ್ಟು. ಅದರಲ್ಲಿ ಏಳೆಂಟು ಒಂದೇ ಅಂಗಡಿಯ ರೆಡಿಮೇಡ್ ಮಾಲು ಅಂತ ನೋಡಿದರೇ ಗೊತ್ತಾಗುತ್ತಿತ್ತು. 350 ರೂಪಾಯಿಯಂತೆ. ಕೂಲಿಗೆ ಹೋಗುವ ಒಬ್ಬ ತಾಯಿ ನನ್ನ ಹತ್ತಿರವೇ ಹೇಳಿದರು, "ಮಿಸ್ಸು ಹೇಳವ್ರೆ ಅಂತ ಮಗ ಊಟ ಬಿಟ್ಟು ಕೂತ್ಕಂಡ. ಏನ್ಮಾಡದು, ಸಂಘದ ದುಡ್ಡು ತೆಗೆದು ತಂದ್ಕೊಟ್ಟೆ."

ಮೂಲೆಯ ಬೆಂಚಿನಲ್ಲಿ ಏಳನೇ ಕ್ಲಾಸಿನ ಒಂದು ಹುಡುಗಿ ಕೂತಿದ್ದಳು. ಅವಳ ಮುಂದೆ ಶಾಲೆಯ ಹಳೇ ಫುಟ್‌ಬಾಲು, ಒಂದು ಬೆಂಕಿಪೊಟ್ಟಣ, ನೋಟ್ ಪುಸ್ತಕದ ಒಂದು ಹಾಳೆ. ಬೇರೇನೂ ಇಲ್ಲ. ತೀರ್ಪುಗಾರರು ಬಂದರು.

"ಮಾಡೆಲ್ ಎಲ್ಲಮ್ಮಾ?"

"ಇದೇ ಸಾರ್. ಇಲ್ಲಿ ಹಿಡಿಸಲ್ಲ. ಹೊರಗೆ ಬಂದ್ರೆ ತೋರಿಸ್ತೀನಿ."

"ಟೈಮಿಲ್ಲಮ್ಮಾ. ಇನ್ನೂ ಮೂವತ್ತು ನೋಡ್ಬೇಕು."

ಮುಂದಿನ ಬೆಂಚಿಗೆ ಹೋದರು. ಮೊದಲ ಬಹುಮಾನ ಲೈಟು ಮಿನುಗುತ್ತಿದ್ದ ಥರ್ಮೋಕೋಲಿಗೆ. ನಾನೂ ಅದರದೇ ಫೋಟೋ ತೆಗೆದೆ. "ಕಣ್ಮನ ಸೆಳೆದ ಸೌರವ್ಯೂಹ" ಅಂತ ಕ್ಯಾಪ್ಷನ್ ಬರೆದವನೂ ನಾನೇ. ಅದು ಅಚ್ಚಾಯಿತು ಕೂಡ. ಹಾಗಾಗಿ ಈ ಲೇಖನದಲ್ಲಿ ಯಾರನ್ನಾದರೂ ಬೈದರೆ ಅದರಲ್ಲಿ ನನ್ನ ಪಾಲೂ ಇದೆ.

ಊಟದ ಹೊತ್ತಿಗೆ ಆ ಹುಡುಗಿ ಫುಟ್‌ಬಾಲು ಕಂಕುಳಲ್ಲಿ ಇಟ್ಟುಕೊಂಡು ಒಬ್ಬಳೇ ನಿಂತಿದ್ದಳು. ಬಸ್ಸಿಗೆ ಹೊತ್ತಿತ್ತು. "ಏನು ಪುಟ್ಟಾ ಅದು, ನನಗೆ ತೋರಿಸು" ಅಂದೆ. ಬೆಂಕಿಪೊಟ್ಟಣ ತೆಗೆದಳು. ಒಳಗೆ ಒಂದು ಗಸಗಸೆ, ಎರಡು ಸಾಸಿವೆ, ಒಂದು ರಾಗಿ ಕಾಳು, ಎರಡು ಒಣ ಬಟಾಣಿ. ಲಂಗದ ಜೇಬಿನಿಂದ ಒಂದು ಗೋಲಿ, ಒಂದು ಬೆಟ್ಟದ ನೆಲ್ಲಿಕಾಯಿ ತೆಗೆದಳು. ಫುಟ್‌ಬಾಲನ್ನು ಧ್ವಜದ ಕಟ್ಟೆ ಮೇಲಿಟ್ಟು ನಡೆಯಲು ಶುರು ಮಾಡಿದಳು. ಒಂಬತ್ತು ಮೀಟರಿಗೆ ಗಸಗಸೆ, ಅದು ಬುಧ. ಹದಿನೇಳಕ್ಕೆ ಸಾಸಿವೆ, ಶುಕ್ರ. ಇಪ್ಪತ್ತಮೂರೂವರೆಗೆ ಇನ್ನೊಂದು ಸಾಸಿವೆ.

"ಇದು ನಾವು ಅಣ್ಣಾ" ಅಂದಳು.

ನಾನು ತಿರುಗಿ ನೋಡಿದೆ. ಅಷ್ಟು ದೂರದಲ್ಲಿ ಫುಟ್‌ಬಾಲು. ಕಾಲ ಹತ್ತಿರ ಮಣ್ಣಲ್ಲಿ ಕಾಣುತ್ತಲೇ ಇಲ್ಲದ ಒಂದು ಕಾಳು. ಅದರ ಮೇಲೆ ನಮ್ಮ ತಾಲೂಕು, ನಮ್ಮ ಪೇಪರು, ವೇದಿಕೆ ಮೇಲೆ ಕೂತವರು ಎಲ್ಲರೂ.

"ಗುರು ಎಲ್ಲಿ?"

"ಗೇಟ್ ದಾಟ್ಬೇಕು."

ಗೇಟು ದಾಟಿ, ಟೀ ಅಂಗಡಿ ದಾಟಿ, 123 ಮೀಟರಿಗೆ ನೆಲ್ಲಿಕಾಯಿ ಇಟ್ಟಳು. ಶನಿ ಇಡುವಷ್ಟರಲ್ಲಿ ಅವರೂರ ಬಸ್ಸು ಹಾರ್ನ್ ಹೊಡೆಯಿತು, ಓಡಿದಳು. ಇದನ್ನು ಯಾರು ಹೇಳಿಕೊಟ್ಟರು ಅಂತ ಕೇಳಿದ್ದಕ್ಕೆ, ಲೆಕ್ಕದ ಪಿರಿಯಡ್‌ನಲ್ಲಿ ಅನುಪಾತದ ಪಾಠ ಮಾಡುವಾಗ ಅವರ ಮಿಸ್ಸು ಮಾಡಿಸಿದ್ದಂತೆ. ಆ ಮಿಸ್ಸಿಗೆ ಒಂದು ನಮಸ್ಕಾರ.

ಆ ಲೆಕ್ಕ ಸರಿಯೋ ತಪ್ಪೋ ಅಂತ ನಾನು ಮನೆಗೆ ಬಂದು ನೋಡಿದೆ. ಸರಿ ಇತ್ತು. ಸೂರ್ಯನ ಅಡ್ಡಗಲ ಸುಮಾರು 13 ಲಕ್ಷ 92 ಸಾವಿರ ಕಿ.ಮೀ. ಅದನ್ನು 22 ಸೆಂ.ಮೀ. ಫುಟ್‌ಬಾಲಿಗೆ ಇಳಿಸಿದರೆ ಒಂದು ಸೆಂಟಿಮೀಟರು ಅಂದರೆ 63 ಸಾವಿರ ಕಿ.ಮೀ. ಭೂಮಿಯ ಅಡ್ಡಗಲ 12,742 ಕಿ.ಮೀ., ಅಂದರೆ 2 ಮಿಲಿಮೀಟರು. ಸಾಸಿವೆ. ಶುಕ್ರ ಹೆಚ್ಚುಕಮ್ಮಿ ಅಷ್ಟೇ. ಮಂಗಳ ಭೂಮಿಯ ಅರ್ಧ, 36 ಮೀಟರು ದೂರದಲ್ಲಿ ಇಡಬೇಕಾದ ರಾಗಿ ಕಾಳು. ಶನಿ 226 ಮೀಟರಿಗೆ ಒಂದು ಗೋಲಿ. ಯುರೇನಸ್ 453 ಮೀಟರಿಗೆ, ನೆಪ್ಚೂನ್ 710 ಮೀಟರಿಗೆ, ಎರಡೂ ಬಟಾಣಿ. ಚಂದ್ರ ಎಲ್ಲಿ ಅಂತೀರಾ? ಸಾಸಿವೆಯಿಂದ 6 ಸೆಂ.ಮೀ. ದೂರದಲ್ಲಿ ಒಂದು ಮಣ್ಣಿನ ಕಣ. ಮನುಷ್ಯರು ಇಲ್ಲಿಯವರೆಗೆ ಹೋಗಿ ಬಂದಿರುವುದು ಆ ಮೂರು ನಾಲ್ಕು ಬೆರಳಗಲ ಮಾತ್ರ.

ಈ ಅಳತೆಯಲ್ಲಿ ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರವನ್ನು ಇಡಬೇಕೆಂದರೆ ಸುಮಾರು 6,300 ಕಿ.ಮೀ. ನಡೆಯಬೇಕು. ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗಿ ವಾಪಸ್ ಬಂದಷ್ಟು.

ಈಗ ಗೋಡೆ ಮೇಲಿನ ಚಾರ್ಟು ನೋಡಿ. ಎಂಟು ಗ್ರಹಗಳು ಮದುವೆ ಊಟದ ಪಂಕ್ತಿಯಲ್ಲಿ ಕೂತ ಹಾಗೆ ಒಂದರ ಪಕ್ಕ ಒಂದು. ಗುರು ಗ್ರಹ ಭೂಮಿಯ ಮೂರೋ ನಾಲ್ಕೋ ಪಟ್ಟು. ಸೂರ್ಯ ಎಡಗಡೆ ಅಂಚಿನಲ್ಲಿ ಅರ್ಧ ತಲೆ ಹಾಕಿ ಇಣುಕುತ್ತಾನೆ. ಆ ಚಾರ್ಟಿನಲ್ಲಿ ಭೂಮಿ ಒಂದು ನಾಣ್ಯದಷ್ಟು, 2 ಸೆಂ.ಮೀ. ಇದೆ ಅಂದುಕೊಳ್ಳಿ. ಹಾಗಾದರೆ ನಿಜವಾಗಿ ಸೂರ್ಯ ಕ್ಲಾಸ್‌ರೂಮಿನ ಬಾಗಿಲಿಗಿಂತ ಎತ್ತರ ಇರಬೇಕು, ಅದೂ 235 ಮೀಟರು ಆಚೆ. ನೆಪ್ಚೂನ್ 7 ಕಿ.ಮೀ. ಆಚೆ, ಪಕ್ಕದ ಹೋಬಳಿಯಲ್ಲಿ.

ಚಾರ್ಟು ಮಾಡಿದವರು ಸುಳ್ಳುಗಾರರು ಅಂತ ನಾನು ಹೇಳುತ್ತಿಲ್ಲ. ಹಾಳೆಯಲ್ಲಿ ಹಿಡಿಸುವುದಿಲ್ಲ, ಅದು ಅವರ ಕಷ್ಟ. ಆದರೆ "ಇದು ಅಳತೆಗೆ ಸರಿಯಾಗಿಲ್ಲ" ಅನ್ನೋ ಒಂದು ಮಾತನ್ನು ನಮಗೆ ಯಾರೂ ಹೇಳಲಿಲ್ಲ. ನಾನು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಮಂಗಳ ಗ್ರಹ ಅಂದರೆ ಭೂಮಿಯ ಪಕ್ಕದ ಮನೆ ಅಂತಲೇ ತಿಳಿದಿದ್ದೆ. 2013ರ ನವೆಂಬರ್ 5ಕ್ಕೆ ಹೊರಟ ಮಂಗಳಯಾನ 2014ರ ಸೆಪ್ಟೆಂಬರ್ 24ಕ್ಕೆ ತಲುಪಿತು ಅಂದಾಗ, ಇಷ್ಟು ದಿನ ಯಾಕೆ ಬೇಕಿತ್ತು ಅಂತ ಅರ್ಥವಾಗಿರಲಿಲ್ಲ. ಸಾಸಿವೆಯಿಂದ ರಾಗಿ ಕಾಳಿಗೆ ನಡೆದು ನೋಡಿದ ಮೇಲೆ ಅರ್ಥವಾಯಿತು. ಅದೂ ನೆಟ್ಟಗೆ ನಡೆಯುವ ಹಾಗಿಲ್ಲ. ಎರಡೂ ಕಾಳು ಫುಟ್‌ಬಾಲಿನ ಸುತ್ತ ಓಡುತ್ತಿವೆ, ಓಡುತ್ತಿರುವ ಬಸ್ಸಿನಿಂದ ಇನ್ನೊಂದು ಓಡುವ ಬಸ್ಸಿಗೆ ಹಾರಿದ ಹಾಗೆ. ಆ ನೌಕೆಯ ಮಾತು ಕೇಳಿಸಿಕೊಂಡಿದ್ದು ಬೆಂಗಳೂರಿನ ಆಚೆ ಬ್ಯಾಲಾಳು ಅನ್ನೋ ಹಳ್ಳಿಯಲ್ಲಿರುವ 32 ಮೀಟರ್ ಅಗಲದ ಆಂಟೆನಾ. ಹೊಲಗಳ ನಡುವಿನ ಊರು. ಇದನ್ನು ನಮ್ಮ ಮಕ್ಕಳಿಗೆ ಹೇಳಿ, ಕಣ್ಣು ಅರಳಿಸುತ್ತಾರೆ.

ಹೋಲಿಕೆ ಅಂದರೆ ಪಟ್ಟಿ ಬಾಯಿಪಾಠ ಅಲ್ಲ. ದೊಡ್ಡದು ಯಾವುದು ಗುರು, ಚಿಕ್ಕದು ಯಾವುದು ಬುಧ, ಬಳೆ ಇರೋದು ಯಾವುದು ಶನಿ. ಇಷ್ಟಕ್ಕೇ ಪಾಠ ಮುಗಿಯುತ್ತದೆ. ಗುರು ದೊಡ್ಡದು ಅಂದರೆ ಎಷ್ಟು? ಹತ್ತು ಕ್ವಿಂಟಾಲ್ ರಾಗಿಯನ್ನು ಇಡೀ ಸೌರವ್ಯೂಹ ಅಂತ ಇಟ್ಟುಕೊಳ್ಳಿ. ಅದರಲ್ಲಿ 998 ಕಿಲೋಗೂ ಹೆಚ್ಚು ಸೂರ್ಯನ ಪಾಲು. ಎಂಟೂ ಗ್ರಹಗಳಿಗೆ ಸೇರಿ ಒಂದು ಕಿಲೋ ಮುನ್ನೂರು ಗ್ರಾಂ ಚಿಲ್ಲರೆ. ಅದರಲ್ಲಿ ಗುರು ಒಬ್ಬನಿಗೇ 950 ಗ್ರಾಂ. ನಮ್ಮ ಭೂಮಿಗೆ 3 ಗ್ರಾಂ, ಮೂರು ಬೆರಳಲ್ಲಿ ಚಿಟಿಕೆ ಹಿಡಿದರೆ ಮುಗಿಯಿತು. ಈ ಲೆಕ್ಕ ಹೇಳಿದರೆ ನಮ್ಮೂರ ಮಂಡಿಯಲ್ಲಿ ಮೂಟೆ ಹೊರುವವರೂ ನಿಂತು ಕೇಳುತ್ತಾರೆ. ಕೇಳಿದ್ದಾರೆ.

ತೂಕದ ಮಾತು ಬಂತಲ್ಲ. ಮಂಗಳನ ಮೇಲೆ ಸೆಳೆತ ಕಡಿಮೆ, ನಮ್ಮ 38 ಪರ್ಸೆಂಟು. 50 ಕಿಲೋ ಅಕ್ಕಿ ಮೂಟೆಯನ್ನು ಅಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಮೇಲಿಟ್ಟರೆ 19 ತೋರಿಸುತ್ತದೆ. ಮಕ್ಕಳಿಗೆ ಇದನ್ನು ಹೇಳಿ ಒಂದು ಪ್ರಶ್ನೆ ಹಾಕಿ. ಸಂತೆಯಲ್ಲಿ ಅಜ್ಜಿಯರು ಹಿಡಿಯುತ್ತಿದ್ದ ಎರಡು ತಟ್ಟೆಯ ತಕ್ಕಡಿ ಎಷ್ಟು ತೋರಿಸುತ್ತೆ? ನಾನು ಕೇಳಿದಾಗ ಎಲ್ಲರೂ 19 ಅಂದರು. ಆರನೇ ಕ್ಲಾಸಿನ ಒಬ್ಬ ಹುಡುಗ, ಅವರಪ್ಪ ಸಂತೆಯಲ್ಲಿ ಈರುಳ್ಳಿ ಮಾರುತ್ತಾರೆ, ಸ್ವಲ್ಪ ಹೊತ್ತು ಸುಮ್ಮನಿದ್ದು "50ಏ ತೋರಿಸ್ತದೆ. ಬಟ್ಟೂ ಹಗುರ ಆಗಿರ್ತದಲ್ವಾ" ಅಂದ. ಅವನಿಗೆ ವಿಜ್ಞಾನದಲ್ಲಿ ಯಾವಾಗಲೂ ಕಡಿಮೆ ಅಂಕ ಅಂತ ಆಮೇಲೆ ಗೊತ್ತಾಯಿತು.

ಬಿಸಿಯ ವಿಷಯ ಇನ್ನೂ ಚೆನ್ನಾಗಿದೆ. ಒಲೆಗೆ ಹತ್ತಿರ ಕೂತವನಿಗೆ ತಾನೇ ಹೆಚ್ಚು ಕಾವು? ಹಾಗಾದರೆ ಬುಧನೇ ಅತಿ ಬಿಸಿ ಇರಬೇಕು. ಆದರೆ ಬುಧನಲ್ಲಿ ಹಗಲು 430 ಡಿಗ್ರಿ ಸುಟ್ಟರೂ ರಾತ್ರಿ ಸೊನ್ನೆಗಿಂತ 180 ಡಿಗ್ರಿ ಕೆಳಗೆ ಇಳಿಯುತ್ತದೆ. ಹೊದೆಯಲು ಗಾಳಿಯ ಕಂಬಳಿ ಇಲ್ಲ. ಅದರಾಚೆ ಕೂತ ಶುಕ್ರ ಕಾರ್ಬನ್ ಡೈಆಕ್ಸೈಡಿನ ದಪ್ಪ ಕಂಬಳಿ ಹೊದ್ದಿದೆ, ಹಗಲು ರಾತ್ರಿ ಎರಡೂ ಹೊತ್ತು 465 ಡಿಗ್ರಿ ಹತ್ತಿರ. ಸೀಸ ಕರಗುವ ಬಿಸಿ. ಭೂಮಿಗೂ ಅದೇ ಗಾಳಿಯ ತೆಳ್ಳನೆಯ ಹೊದಿಕೆ ಇದೆ. ಅದು ದಪ್ಪವಾದರೆ ಏನಾಗುತ್ತದೆ ಅಂತ ಮಕ್ಕಳೇ ಕೇಳುತ್ತಾರೆ, ನಾವು ಹೇಳಬೇಕಿಲ್ಲ.

ಶನಿಯನ್ನು ನೀರಿಗೆ ಹಾಕಿದರೆ ತೇಲುತ್ತದೆ ಅಂತಲೂ ಪುಸ್ತಕಗಳಲ್ಲಿ ಇರುತ್ತದೆ. ನೀರಿಗಿಂತ ಹಗುರ ಅನ್ನೋದು ನಿಜ. ಅಷ್ಟು ದೊಡ್ಡ ಕೆರೆ ಯಾವ ಪಂಚಾಯಿತಿ ತೋಡಿಸುತ್ತದೋ ಗೊತ್ತಿಲ್ಲ.

ಶನಿ ಅಂದ ತಕ್ಷಣ ನಮ್ಮೂರ ಕಡೆ ಬೇರೆ ಮಾತು ಶುರುವಾಗುತ್ತದೆ. ನಾನು ಮಕ್ಕಳ ಜೊತೆ ಮಾತಾಡುವಾಗ ಯಾವಾಗಲೂ ಒಬ್ಬರಾದರೂ "ಗ್ರಹ ಒಂಬತ್ತು ಅಲ್ವಾ?" ಅಂತಾರೆ. ಅವರ ತಪ್ಪಿಲ್ಲ. ದೇವಸ್ಥಾನದಲ್ಲಿ ಒಂಬತ್ತು ಕಲ್ಲು ಇವೆ. ಅಪ್ಪ ಅಮ್ಮ ಓದಿದ ಪುಸ್ತಕದಲ್ಲೂ ಪ್ಲೂಟೊ ಸೇರಿ ಒಂಬತ್ತು ಇತ್ತು, 2006ರಲ್ಲಿ ಅದನ್ನು ಪಟ್ಟಿಯಿಂದ ತೆಗೆದು ಕುಬ್ಜ ಗ್ರಹ ಅಂದರು. ಈಗ ಮಕ್ಕಳ ಪುಸ್ತಕದಲ್ಲಿ ಎಂಟು. ಎರಡೂ ಒಂಬತ್ತು ಬೇರೆ ಬೇರೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ನವಗ್ರಹದಲ್ಲಿ ಸೂರ್ಯ ಚಂದ್ರ ಇದ್ದಾರೆ, ಭೂಮಿ ಇಲ್ಲ. ನಿಂತ ನೆಲದಿಂದ ನೋಡಿದವರು ಮಾಡಿದ ಲೆಕ್ಕ ಅದು, ಚಲಿಸುವುದೆಲ್ಲ ಗ್ರಹ. ರಾಹು ಕೇತು ಉಂಡೆಗಳಲ್ಲ, ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಜಾಗ. ಗ್ರಹಣ ಆಗುವುದು ಸೂರ್ಯ ಚಂದ್ರ ಆ ಜಾಗಗಳ ಹತ್ತಿರ ಬಂದಾಗ. ಬರಿಗಣ್ಣಿಗೆ ಕಾಣುವ ಐದು ಗ್ರಹಗಳು ವಾರದ ಹೆಸರಲ್ಲೇ ಇವೆ, ಮಂಗಳವಾರದಿಂದ ಶನಿವಾರದವರೆಗೆ. ಯುರೇನಸ್ 1781ರಲ್ಲಿ, ನೆಪ್ಚೂನ್ 1846ರಲ್ಲಿ ದೂರದರ್ಶಕದಿಂದ ಸಿಕ್ಕವು, ಅದಕ್ಕೇ ಅವಕ್ಕೆ ನಮ್ಮ ವಾರವೂ ಇಲ್ಲ, ನಮ್ಮ ಹೆಸರೂ ಇಲ್ಲ. ನೆಪ್ಚೂನ್ ಸೂರ್ಯನನ್ನು ಒಂದು ಸುತ್ತು ಬರಲು 165 ವರ್ಷ. ಕಂಡುಹಿಡಿದ ಮೇಲೆ ಮೊದಲ ಸುತ್ತು ಮುಗಿಸಿದ್ದು 2011ರಲ್ಲಿ.

ಇನ್ನು ಸಾಡೇಸಾತಿ. ನಂಬುವವರ ನಂಬಿಕೆಗೆ ನಾನು ಕೈ ಹಾಕಲ್ಲ. ಆದರೆ ಏಳೂವರೆ ವರ್ಷ ಅನ್ನೋ ಲೆಕ್ಕ ಎಲ್ಲಿಂದ ಬಂತು ಅಂತ ಕೇಳಿದ್ದೀರಾ? ಶನಿ ಆಕಾಶದಲ್ಲಿ ಒಂದು ಸುತ್ತು ಬರಲು ಇಪ್ಪತ್ತೊಂಬತ್ತೂವರೆ ವರ್ಷ ಹತ್ತಿರ. ಹನ್ನೆರಡು ರಾಶಿಗೆ ಹಂಚಿ, ಒಂದೊಂದಕ್ಕೆ ಸುಮಾರು ಎರಡೂವರೆ ವರ್ಷ. ಮೂರು ರಾಶಿ ದಾಟಲು ಏಳೂವರೆ. ಗುರು ಹನ್ನೆರಡು ವರ್ಷಕ್ಕೆ ಸ್ವಲ್ಪ ಕಡಿಮೆ, ಅದಕ್ಕೇ ಗುರುಬಲ ವರ್ಷವರ್ಷ ಬದಲಾಗೋದು. ಶನೈಶ್ಚರ ಅಂದರೇ ನಿಧಾನವಾಗಿ ನಡೆಯುವವನು ಅಂತ ಅರ್ಥ. ಗ್ರಹಗಳ ವೇಗದ ಹೋಲಿಕೆ ನಮ್ಮ ಹಿರಿಯರ ಬಾಯಲ್ಲೇ ಇದೆ, ಚಾರ್ಟಿನಲ್ಲಿ ಇಲ್ಲ.

ಅದೇ ವೇಗವನ್ನು ಶಾಲೆ ಅಂಗಳದಲ್ಲಿ ತೋರಿಸಬಹುದು. ನಮ್ಮ ಫುಟ್‌ಬಾಲ್ ಅಳತೆಯಲ್ಲಿ ಸಾಸಿವೆ ಭೂಮಿ ದಿನಕ್ಕೆ ಒಂದು ಮೊಳಕ್ಕೆ ಸ್ವಲ್ಪ ಕಡಿಮೆ ಸರಿಯುತ್ತದೆ, 40 ಸೆಂ.ಮೀ. ಗಸಗಸೆ ಬುಧ ಒಂದೂವರೆ ಮೊಳ. ಶನಿ ಗೋಲಿ ಒಂದು ಗೇಣೂ ಇಲ್ಲ. ನೆಪ್ಚೂನ್ ಬಟಾಣಿ ದಿನಕ್ಕೆ ನಾಲ್ಕು ಬೆರಳು. ದೂರ ಹೋದಷ್ಟೂ ದಾರಿಯೂ ಉದ್ದ, ನಡಿಗೆಯೂ ನಿಧಾನ. ಹದಿನೈದು ದಿನ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಒಬ್ಬೊಬ್ಬ ಹುಡುಗ ಒಂದೊಂದು ಕಾಳನ್ನು ಅಷ್ಟಷ್ಟೇ ಸರಿಸಿದರೆ, ವರ್ಷ ಅಂದರೆ ಏನು ಅಂತ ಆ ಮಕ್ಕಳಿಗೆ ಮತ್ತೆ ಹೇಳಬೇಕಾಗಿಲ್ಲ. ಹೀಗೆ ಮಾಡಿದರೆ ಇನ್ನೊಂದು ತಪ್ಪೂ ಸರಿಯಾಗುತ್ತದೆ. ಸಾಲಾಗಿ ಇಟ್ಟ ನಮ್ಮ ಕಾಳುಗಳೂ ಒಂದು ಸುಳ್ಳೇ, ಗ್ರಹಗಳು ಹಾಗೆ ಸಾಲಲ್ಲಿ ನಿಲ್ಲುವುದಿಲ್ಲ. ಗುರುವನ್ನು ಬಸ್ ಸ್ಟ್ಯಾಂಡ್ ಕಡೆಗೆ, ಶನಿಯನ್ನು ಕೆರೆ ಕಡೆಗೆ ಇಡಿ.

ಇದನ್ನು ಓದಿ ಮೇಷ್ಟ್ರುಗಳು ಸಿಟ್ಟಾಗಬಹುದು. ಪರಿಚಯದ ಒಬ್ಬ ಮೇಷ್ಟ್ರ ಹತ್ತಿರ ಹೇಳಿದಾಗ ಅವರು ನಕ್ಕರು. "ನಿಮಗೇನು ಸಾರ್, ಬರ್ದು ಹೋಗ್ತೀರಿ. ನಾನು ಎರಡು ಕ್ಲಾಸು ಒಟ್ಟಿಗೆ ನೋಡ್ಬೇಕು, ಬಿಸಿಯೂಟದ ಲೆಕ್ಕ ಬರೀಬೇಕು, ಆನ್‌ಲೈನ್ ಎಂಟ್ರಿ ಮಾಡ್ಬೇಕು. 710 ಮೀಟರು ಮಕ್ಕಳನ್ನ ರೋಡಲ್ಲಿ ಕರ್ಕೊಂಡು ಹೋಗಿ ಬೈಕ್ ಗುದ್ದಿದ್ರೆ ಯಾರು ಹೊಣೆ?" ನ್ಯಾಯವಾದ ಮಾತು. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಗುರು, ಶನಿಯವರೆಗೆ ಸಾಕು, ಉಳಿದದ್ದನ್ನು ಕೈ ತೋರಿಸಿ "ಅಗೋ ಆ ಹುಣಸೆಮರದ ಹತ್ತಿರ" ಅನ್ನಬಹುದು. ಪರೀಕ್ಷೆಯಲ್ಲಿ ಇದು ಬರಲ್ಲ ಅನ್ನೋದೂ ನಿಜ, ಹೆಸರು ಬರೆ, ಬಿಟ್ಟ ಸ್ಥಳ ತುಂಬು, ಅಷ್ಟೇ ಬರೋದು. ಆದರೆ ವರ್ಷಕ್ಕೆ ಒಂದು ಪಿರಿಯಡ್ಡು, ನಲವತ್ತು ನಿಮಿಷ. ಅಡುಗೆ ಮನೆಯ ಎಂಟು ಸಾಮಾನು. ಥರ್ಮೋಕೋಲ್ ಅಂಟಿಸಲು ಮೂರು ದಿನ ಹಾಳಾಗುವುದಿಲ್ಲವೇ? ಆ ಥರ್ಮೋಕೋಲನ್ನು ಪ್ರದರ್ಶನ ಮುಗಿದ ಮೇಲೆ ಶಾಲೆ ಹಿಂದೆ ಸುಡುವುದನ್ನೂ ನೋಡಿದ್ದೇನೆ, ಆ ಹೊಗೆಯನ್ನು ಕುಡಿಯುವವರು ಅದೇ ಮಕ್ಕಳು.

ನಮ್ಮೂರಲ್ಲಿ ಒಂದು ಭಾನುವಾರ ನಾನೇ ಮಾಡಿಸಿ ನೋಡಿದೆ. ಇಪ್ಪತ್ತು ಮಕ್ಕಳು ಬಂದಿದ್ದರು. ನೆಪ್ಚೂನ್ ಕೆರೆ ಏರಿಗೆ ಬಂತು. ಅಲ್ಲಿಂದ ತಿರುಗಿ ನೋಡಿದರೆ ಫುಟ್‌ಬಾಲು ಕಾಣಲೇ ಇಲ್ಲ, ಹುಡುಗನೊಬ್ಬ ಅದನ್ನು ತಲೆ ಮೇಲೆ ಎತ್ತಿ ಹಿಡಿದ ಮೇಲೆ ಚುಕ್ಕಿಯಷ್ಟು ಕಂಡಿತು. ಅಲ್ಲಿ ಬಿಸಿಲು ಹೇಗಿರುತ್ತೆ ಅಂತ ಯಾರೋ ಕೇಳಿದರು, ಪ್ರಶ್ನೆಯಲ್ಲೇ ಉತ್ತರ ಇತ್ತು. ವಾಪಸ್ ಬರುವಷ್ಟರಲ್ಲಿ ಭೂಮಿ ಇರಲಿಲ್ಲ. "ಅಣ್ಣಾ, ಭೂಮಿನ ಕೋಳಿ ತಿನ್ತು" ಅಂತ ಒಂದು ಮಗು ಬಂದು ದೂರು ಹೇಳಿತು. ನೀವು ಮಾಡುವುದಾದರೆ ಕಾಳನ್ನು ಬಿಳಿ ಹಾಳೆಗೆ ಅಂಟಿಸಿ, ಮೇಲೊಂದು ಕಲ್ಲಿಡಿ.

ಸಂಜೆ ಅದೇ ಮಕ್ಕಳಿಗೆ ಆಕಾಶದಲ್ಲಿ ನಿಜವಾದ ಗುರುವನ್ನು ತೋರಿಸಿದೆ. ಇದೊಂದು ವಿಷಯದಲ್ಲಿ ನಾವು ಪೇಟೆಯವರಿಗಿಂತ ಸಾಹುಕಾರರು. ಬೆಂಗಳೂರಿನ ಮಕ್ಕಳಿಗೆ ನೆಹರೂ ತಾರಾಲಯ ಇದೆ, ನಮಗೆ ಕತ್ತಲೆ ಇದೆ. ನಕ್ಷತ್ರ ಮಿನುಗುತ್ತದೆ, ಗ್ರಹ ಹೆಚ್ಚಾಗಿ ಮಿನುಗದೆ ನಿಂತ ಬೆಳಕು. ಸೂರ್ಯ ಚಂದ್ರ ಹೋಗುವ ದಾರಿಯ ಹತ್ತಿರವೇ ಇರುತ್ತದೆ. ಬೆಳಗಿನ ಜಾವ ಬೆಳ್ಳಿ ಮೂಡಿತು ಅಂತ ಎದ್ದು ಹೊಲಕ್ಕೆ ಹೋಗುತ್ತಿದ್ದ ಅಜ್ಜಂದಿರು ನೋಡುತ್ತಿದ್ದುದು ಶುಕ್ರನನ್ನೇ. ದೂರದರ್ಶಕ ಇಲ್ಲ ಅಂತ ಸುಮ್ಮನಾಗಬೇಡಿ. ಮದುವೆ ಫೋಟೋ ತೆಗೆಯುವ ಸ್ಟುಡಿಯೋದವರನ್ನು ಕರೆಯಿರಿ. ಅವರ ದೊಡ್ಡ ಜೂಮ್ ಲೆನ್ಸನ್ನು ಸ್ಟ್ಯಾಂಡ್ ಮೇಲಿಟ್ಟು ಗುರುವಿನ ಕಡೆ ತಿರುಗಿಸಿದರೆ ಪಕ್ಕದಲ್ಲಿ ಸಣ್ಣ ಚುಕ್ಕಿಗಳು ಕಾಣುತ್ತವೆ. 1610ರಲ್ಲಿ ಗೆಲಿಲಿಯೋ ಕಂಡ ಅದೇ ನಾಲ್ಕು ಚಂದ್ರರು. ನಾವು ನೋಡಿದ ದಿನ ಮೂರು ಕಂಡವು, ಒಂದು ಹಿಂದೆಯೋ ಮುಂದೆಯೋ ಅಡಗಿತ್ತು. ಮಾರನೇ ದಿನ ಜಾಗ ಬದಲಾಗಿದ್ದವು.

ಎಸ್‌ಡಿಎಂಸಿಯಲ್ಲಿ ಇರುವವರು ಇದನ್ನು ಓದುತ್ತಿದ್ದರೆ ಎರಡು ಮಾತು. ಪ್ರದರ್ಶನಕ್ಕೆ ಅಂಗಡಿಯ ಮಾಡೆಲ್ ತರಬಾರದು ಅಂತ ಮೀಟಿಂಗಿನಲ್ಲಿ ಹೇಳಿ, ಬಡವರ 350 ರೂಪಾಯಿ ಉಳಿಯುತ್ತದೆ. ತೀರ್ಪುಗಾರರ ಹಾಳೆಯಲ್ಲಿ ಅಂದಕ್ಕೆ ಕೊಡುವ ಅಂಕವನ್ನು ಕಡಿಮೆ ಮಾಡಿ, "ಹೊರಗೆ ಬನ್ನಿ, ತೋರಿಸ್ತೀನಿ" ಅನ್ನೋ ಮಗುವಿಗೆ ಐದು ನಿಮಿಷ ಕೊಡಿ ಅಂತ ಕೇಳಿ.

ಆ ಹುಡುಗಿ ಈಗ ಎಂಟನೇ ಕ್ಲಾಸು. ಈ ವರ್ಷವೂ ಭಾಗವಹಿಸುತ್ತೀಯಾ ಅಂತ ಕೇಳಿದ್ದಕ್ಕೆ "ಮನೇಲಿ ಥರ್ಮೋಕೋಲ್ ಮಾಡು ಅಂತಾರೆ ಅಣ್ಣಾ" ಅಂದಳು. ಬೆಂಕಿಪೊಟ್ಟಣವನ್ನೇ ತೆಗೆದುಕೊಂಡು ಬಾ ಅಂದಿದ್ದೇನೆ. ಅವಳು ಗೇಟಿನಾಚೆ ಗುರು ಇಡುವ ಫೋಟೋ ನಾನು ತೆಗೆಯುತ್ತೇನೆ. ಅಚ್ಚು ಹಾಕುವುದು ಬಿಡುವುದು ಡೆಸ್ಕಿನವರಿಗೆ ಬಿಟ್ಟದ್ದು, ಇಲ್ಲಂತೂ ಹಾಕುತ್ತೇನೆ.